ಕಪ್ಪು ಅಂಗಿ, ಕೆಂಪು ಧೂಳು

ಕಪ್ಪು ಬಟ್ಟೆ ತೊಟ್ಟು, ಮುಖ ಬಾಡಿಸಿಕೊಂಡು ಕೂರುವುದಕ್ಕೂ ತಕ್ಕ ಹವೆ ಬೇಕು. ಇಂಗ್ಲೆಂಡಿನಲ್ಲಿ ಅದು ಧಾರಾಳವಾಗಿದೆ. ನಮ್ಮ ಹೊಸಪೇಟೆಯಲ್ಲಿ ಏಪ್ರಿಲ್ ಮಧ್ಯಾಹ್ನ ಕಪ್ಪು ಅಂಗಿ ಹಾಕಿದವನಿಗೆ ದುಃಖಕ್ಕಿಂತ ಮೊದಲು ಬೆವರು ಬರುತ್ತದೆ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಬೈಕು ಸಿಕ್ಕಿಕೊಂಡರಂತೂ, ಮನೆ ಮುಟ್ಟುವಷ್ಟರಲ್ಲಿ ಆ ಅಂಗಿ ಕಾವಿಯಾಗಿರುತ್ತದೆ. ರಾಕ್ ಹಾಡುಗಾರನಾಗಿ ಹೊರಟವನು ಸ್ವಾಮಿಯಾಗಿ ಇಳಿಯುತ್ತಾನೆ.

ನನ್ನ ಅಕ್ಕನ ಮಗ ಹಾಗೆ ಆಗಾಗ ಇಳಿಯುವವನು. ಕೆಲಸ ಬೆಂಗಳೂರಿನಲ್ಲಿ, ಮನೆ ಸಂಡೂರಿನಲ್ಲಿ, ಮನಸ್ಸು ಮಾತ್ರ ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ. ಆ ಊರಿನ ನಾಲ್ವರು ಹುಡುಗರು 1978ರಲ್ಲಿ ಬೌಹೌಸ್ ಎಂಬ ಗಾಥಿಕ್ ರಾಕ್ ತಂಡ ಕಟ್ಟಿದರು. ಹಾಡಲು ಪೀಟರ್ ಮರ್ಫಿ, ಗಿಟಾರಿಗೆ ಡೇನಿಯಲ್ ಆಶ್, ಬೇಸು ಮತ್ತು ಡ್ರಮ್ಮಿಗೆ ಅಣ್ಣ ತಮ್ಮ. ಅವರ ಮೊದಲ ಆಲ್ಬಂ ‘ಇನ್ ದ ಫ್ಲ್ಯಾಟ್ ಫೀಲ್ಡ್’ ಬಂದದ್ದು 1980ರಲ್ಲಿ. ಅದರ ಮೊದಲ ಹಾಡನ್ನು ಬಿಬಿಸಿ ರೇಡಿಯೊಗೆ ಹಾಡಿದ್ದಷ್ಟು ಚೆನ್ನಾಗಿ ಸ್ಟುಡಿಯೊದಲ್ಲಿ ಹಾಡಲಾಗದೆ, ಆ ರೇಡಿಯೊ ಧ್ವನಿಮುದ್ರಣವನ್ನೇ ಬೇಡಿದರು. ಅನುಮತಿ ಬರಲು ಬಹಳ ತಡವಾಯಿತು. ಕಚೇರಿಗಳು ಅಲ್ಲಿಯೂ ಕಚೇರಿಗಳೇ ಎಂದು ತಿಳಿದು ನನಗೆ ತುಸು ಸಮಾಧಾನವಾಯಿತು. ವಿಮರ್ಶಕರು ಆಲ್ಬಮ್ಮನ್ನು ಚೆನ್ನಾಗಿ ಬೈದರು, ಹುಡುಗರು ಕೊಂಡು ಕೇಳಿದರು.

ಅವರಿಗೆ ಹೆಸರು ತಂದದ್ದು ಅದಕ್ಕೂ ಹಿಂದಿನ ವರ್ಷದ ‘ಬೆಲಾ ಲುಗೋಸಿಸ್ ಡೆಡ್’, ಒಂಬತ್ತು ನಿಮಿಷ ದಾಟುವ ಹಾಡು. ಅದನ್ನು ಆಲ್ಬಮ್ಮಿಗೆ ಸೇರಿಸಲೇ ಇಲ್ಲ. ನಮ್ಮ ಕ್ಯಾಸೆಟ್ ಕಂಪನಿಯವರಾಗಿದ್ದರೆ ಎರಡೂ ಬದಿಗೆ ಅದನ್ನೇ ತುಂಬಿಸಿರುತ್ತಿದ್ದರು. ಒಂದು ದಿನ ಹುಡುಗ ಅದನ್ನು ಜೋರಾಗಿ ಹಾಕಿದ್ದ. ಅಡುಗೆಮನೆಯಿಂದ ಅಕ್ಕ ಬಂದಳು.

“ಯಾರು ತೀರಿಕೊಂಡ್ರಲೇ?”

“ಬೆಲಾ ಲುಗೋಸಿ ಅಂತ, ಅವ್ವಾ.”

“ಯಾವೂರೋರು?”

“ಹಂಗೇರಿ. ಸಿನಿಮಾದಾಗ ಡ್ರಾಕುಲಾ ಆಗಿದ್ರು.”

“ಪಾಪ. ಮಣ್ಣಾತೇನು?”

ಮಣ್ಣಾದದ್ದು 1956ರಲ್ಲಿ, ಡ್ರಾಕುಲಾನ ಆ ಕಪ್ಪು ನಿಲುವಂಗಿಯಲ್ಲೇ. ಅಕ್ಕ ಒಂದು ಕ್ಷಣ ಸುಮ್ಮನಿದ್ದು ಒಳಗೆ ಹೋದಳು. ಆ ಹಾಡನ್ನು ಅಷ್ಟು ಗೌರವದಿಂದ ಕೇಳಿದ ವಿಮರ್ಶಕರು ಲಂಡನ್ನಿನಲ್ಲೂ ಇದ್ದಿರಲಾರರು.

ಅಕ್ಕನಿಗೆ ಸಾವಿನ ಹಾಡು ಹೊಸದಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತದೆ, ಹಾರ್ಮೋನಿಯಂ, ತಬಲಾ, ತಾಳ, ತತ್ವಪದ. ನಡುನಡುವೆ ಚಹಾ. ಶಿಶುನಾಳ ಶರೀಫರು ದೇಹವನ್ನು ಸೋರುವ ಮಾಳಿಗೆ ಮಾಡಿ ಹಾಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕಪ್ಪು ಬಟ್ಟೆಯ ನೆರವಿಲ್ಲದೆ. 2008ರಲ್ಲಿ ರಘು ದೀಕ್ಷಿತ್ ತಮ್ಮ ತಂಡದ ಮೊದಲ ಆಲ್ಬಂ ತಂದಾಗ ‘ಸೋರುತಿಹುದು ಮನೆಯ ಮಾಳಿಗಿ’ ಗಿಟಾರು ಹಿಡಿದು ಅದರೊಳಗೆ ಬಂದಿತ್ತು. ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಹಾಡುವ ಅವರನ್ನು ಗಾಥಿಕ್ ಎಂದರೆ ಅಳಿಯನಿಗೆ ಸಿಟ್ಟು. ನನಗೇನೋ ಸೋರುವ ಮಾಳಿಗೆ ಡ್ರಾಕುಲಾನಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಅಳಿಯನದೂ ಒಂದು ತಂಡವಿದೆ, ಮೊದಲ ಆಲ್ಬಮ್ಮಿನ ಹಾಡುಗಳಿಗಿಂತ ಮೊದಲು ಮುಖಪುಟ ಸಿದ್ಧವಾಗಬೇಕಂತೆ. ವಿರೂಪಾಕ್ಷ ಗುಡಿಯ ಕತ್ತಲ ಗೋಡೆಯಲ್ಲಿ ರಾಯಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದಲ್ಲ, ಅದೇ ಚಿತ್ರ. ಒಳ್ಳೆಯ ಯೋಚನೆಯೇ. ಆದರೆ ಹಂಪಿಗೆ ಹೋದವರು ಹಾಳು ಮಂಟಪಗಳ ನಡುವೆ ಮ್ಲಾನವಾಗಿ ನಿಂತಿದ್ದಾಗ ಕೋತಿಯೊಂದು ಗಾಯಕನ ಬಾಳೆಹಣ್ಣು ಕಿತ್ತುಕೊಂಡಿತು. ಎಲ್ಲ ಚಿತ್ರಗಳಲ್ಲೂ ಅವನು ಓಡುತ್ತಿದ್ದಾನೆ.

ಆ ಮಳೆಗಾಲ ಕಂಪ್ಲಿಯಲ್ಲಿ ನೆಂಟರ ಪೈಕಿ ಹಿರಿಯರೊಬ್ಬರು ತೀರಿಕೊಂಡರು. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟು ಸೇತುವೆ ಮುಳುಗಿತ್ತು, ಹಾರ್ಮೋನಿಯಂನವನು ಗಂಗಾವತಿ ದಡದಲ್ಲೇ ಉಳಿದ. ಅಕ್ಕ ಮಗನಿಗೆ ಗಿಟಾರು ತೆಗೆಯಲು ಹೇಳಿದಳು. ಬೆಳಗಿನವರೆಗೆ ಅವನು ತತ್ವಪದಗಳಿಗೆ ನುಡಿಸಿದ, ಚೆನ್ನಾಗಿಯೇ ನುಡಿಸಿದ. ಕೊನೆಗೆ ಭಜನೆಯ ಮುಖಂಡರು ಬೀಡಿ ಹಚ್ಚುತ್ತ ಕರೆದು ಹೇಳಿದರು:

“ಕೈ ಭಾಳ ಚಲೋ ಐತಿ ತಮ್ಮಾ. ಮುಖ ಒಂದೀಟು ನಗುಮುಖ ಮಾಡ್ಕೋ, ಸತ್ತ ಮನಿ ಇದು.”