ಸುಳಿ ಕೆಟ್ಟ ವಿಮಾನ

ನಾನು ವಿಮಾನ ಕೊಳ್ಳುವ ಸುದ್ದಿ ನನ್ನ ಹೆಂಡತಿಗಿಂತ ಮುಂಚೆ ದೊಡ್ಡೇರಿಗೆ ಗೊತ್ತಾಯಿತು. ಆರು ತಿಂಗಳಿಗೆಂದು ಓಹಾಯೊದ ಡೇಟನ್ನಿಗೆ ಬಂದಿದ್ದ ಅಪ್ಪನಿಗೆ ಗುಟ್ಟಾಗಿ ಫೋಟೊ ತೋರಿಸಿದ್ದೇ ತಪ್ಪಾಯಿತು. ಅಪ್ಪ ರಾತ್ರಿ ಊರಿಗೆ ಫೋನ್ ಮಾಡಿ, "ನಮ್ ಹುಡ್ಗ ಇಮಾನ ತಗಂತಾನಂತೆ ಕಣ್ಲಾ, ಸೆಕೆಂಡ್ ಹ್ಯಾಂಡು" ಅಂದ. ಅದು ದೊಡ್ಡೇರಿಯಿಂದ ಮಧುಗಿರಿಯಲ್ಲಿರುವ ನನ್ನ ನಾದಿನಿಗೆ, ಅಲ್ಲಿಂದ ವಾಟ್ಸಾಪಿಗೆ, ಅಲ್ಲಿಂದ ನಮ್ಮ ಅಡುಗೆಮನೆಗೆ ಬಂದಿತು. "ರೀ, ನಾವೇನೋ ವಿಮಾನ ತಗೋತಿದೀವಂತೆ, ಹೌದಾ?" ಅಂತ ಅವಳು ಕೇಳಿದಾಗ ಕೈಯಲ್ಲಿ ಒಗ್ಗರಣೆ ಸೌಟು ಇತ್ತು.

ದೊಡ್ಡೇರಿ ಅಂದರೆ ಇತಿಹಾಸ ಬಲ್ಲವರಿಗೆ 1695ರ ಯುದ್ಧ ನೆನಪಾಗುತ್ತದೆ. ಮರಾಠರ ಸಂತಾಜಿ ಘೋರ್ಪಡೆ ಮೊಗಲರ ಕಾಸಿಂ ಖಾನನನ್ನು ಮುತ್ತಿದ ಆ ದೊಡ್ಡೇರಿ ಚಳ್ಳಕೆರೆ ಸೀಮೆಯದು. ನಮ್ಮದು ಮಧುಗಿರಿ ತಾಲ್ಲೂಕಿನ ಹೋಬಳಿ. ನಮ್ಮಲ್ಲಿ ಯುದ್ಧವೇನಿದ್ದರೂ ಬೋರ್‌ವೆಲ್ ನೀರಿಗೆ.

ನನ್ನ ಹುಚ್ಚಿಗೂ ಊರೇ ಕಾರಣ. ಚಿಕ್ಕಂದಿನಲ್ಲಿ ದೊಡ್ಡಬಳ್ಳಾಪುರದ ಮೇಲೆ ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಜಕ್ಕೂರಿನ ಪುಟ್ಟ ವಿಮಾನಗಳು ಕಾಣುತ್ತಿದ್ದವು. ಪುಷ್ಪಕ್ ಅಂತ, ಎಚ್‌ಎಎಲ್‌ನವರು 1958ರಲ್ಲಿ ಮೊದಲು ಹಾರಿಸಿದ್ದು. ಎರಡೇ ಸೀಟು, 90 ಅಶ್ವಶಕ್ತಿ. ದೊಡ್ಡವನಾದ ಮೇಲೆ ಅಂಥದ್ದೊಂದು ನನಗೂ ಇರಲಿ ಅಂದುಕೊಂಡಿದ್ದೆ. ಅಷ್ಟರಲ್ಲಿ ಮನೆ ಸಾಲ ಬಂತು, ಇಬ್ಬರು ಮಕ್ಕಳ ಕಾಲೇಜು ಬಂತು. ಲೈಸೆನ್ಸ್ ಸಿಗುವ ಹೊತ್ತಿಗೆ ತಲೆಯಲ್ಲಿ ಕೂದಲೇ ಇರಲಿಲ್ಲ.

ನಾನು ಕಂಡ ಮಾಲು ಅದೇ 1958ರ ಸುಮಾರಿಗೆ ಹುಟ್ಟಿದ ತಳಿ: ಸೆಸ್ನಾ 175. ನಾಲ್ಕು ಸೀಟು. ನೋಡಲು ಎಲ್ಲರಿಗೂ ಗೊತ್ತಿರುವ 172ರ ಹಾಗೇ, ಮೂಗಿನ ಮೇಲೊಂದು ಗೂನು ಬಿಟ್ಟರೆ. ಆದರೆ ಬೆಲೆ ಮಾತ್ರ ಅದೇ ವಯಸ್ಸಿನ 172ಕ್ಕಿಂತ ಎಷ್ಟೋ ಕಡಿಮೆ. ಕಾರಣ ಆ ಗೂನಿನ ಒಳಗಿತ್ತು.

ಅಲ್ಲಿರುವುದು ಜಿಓ-300 ಎಂಬ ಇಂಜಿನ್, ಅದರ ಮುಂದೊಂದು ಗೇರು. ಇಂಜಿನ್ ನಾಲ್ಕು ಸುತ್ತು ಸುತ್ತಿದರೆ ಮುಂದಿನ ಫ್ಯಾನು ಮೂರೇ ಸುತ್ತು. ಹೀಗಾಗಿ ಇಂಜಿನ್ನು ನಿಮಿಷಕ್ಕೆ 3200 ಸುತ್ತು ಓಡಿ 175 ಅಶ್ವಶಕ್ತಿ ಕೊಡುತ್ತದೆ. ಗೇರಿಲ್ಲದ ಅದರ ಅಣ್ಣ, 172ರಲ್ಲಿದ್ದ ಓ-300, ಕೊಡುತ್ತಿದ್ದುದು 145. ಯೋಚನೆ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಓಡಿಸುವವರಿಂದ. ಕೈಪಿಡಿಯಲ್ಲಿ 2900 ಸುತ್ತಿನಲ್ಲಿ ಹಾರಿಸಿ ಅಂತ ಬರೆದಿತ್ತು. ಪೈಲಟ್‌ಗಳಿಗೆ ಆ ಸದ್ದು ಕೇಳಿ ಕರುಳು ಚುರ್ ಅಂದಿತು. ಪಾಪ, ಇಷ್ಟು ದಣಿಸಬಾರದು ಅಂತ ಹಳೇ ಅಭ್ಯಾಸದಂತೆ 2400ಕ್ಕೆ ಇಳಿಸಿದರು. ನಿಧಾನವಾದ ಕೂಡಲೇ ಗೇರು ಕಟಕಟ ನಡುಗಿತು, ಗಾಳಿ ಸಾಲದೆ ಸಿಲಿಂಡರು ಕಾದಿತು. ಹೀಗೆ ದಯೆ ತೋರಿಸಿಯೇ ಅದನ್ನು ಹಾಳುಮಾಡಿದರು. 1962ಕ್ಕೆ ಈ ವಿಮಾನ ತಯಾರಾಗುವುದೇ ನಿಂತುಹೋಯಿತು. ಬಿಡಿಭಾಗ ಸಿಗುವುದು ಕಷ್ಟ. ಪೂರ್ತಿ ಬಿಚ್ಚಿ ಕಟ್ಟುವ ಗಡುವು ಅಣ್ಣನಿಗೆ 1800 ಗಂಟೆ, ಇದಕ್ಕೆ 1200.

ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. ಅಪ್ಪ ಎಲೆಅಡಿಕೆ ಚೀಲ ಬಿಚ್ಚುತ್ತ, "ಸುಳಿ ಸರಿ ಇಲ್ಲ ಅನ್ನು" ಅಂದ.

ನನಗೆ ತಕ್ಷಣ ಹೊಳೆಯಿತು. ಘಾಟಿ ಜಾತ್ರೆಯಲ್ಲಿ ಅಪ್ಪ ಒಮ್ಮೆ ಸುಳಿ ಕೆಟ್ಟ ಎತ್ತು ಕೊಂಡಿದ್ದ. ಬೆನ್ನ ಮೇಲೆ ರೋಮ ಸುತ್ತಿರುವುದು ಯಜಮಾನನಿಗೆ ಆಗುವುದಿಲ್ಲ ಅಂತ ಯಾರೂ ಮುಟ್ಟಿರಲಿಲ್ಲ. ಅರ್ಧ ಬೆಲೆಗೆ ಸಿಕ್ಕಿತ್ತು. ಅಜ್ಜಿ ಮೂರು ದಿನ ಅಪ್ಪನ ಹತ್ತಿರ ಮಾತು ಬಿಟ್ಟಿದ್ದಳು. ಆ ಎತ್ತು ಹನ್ನೊಂದು ವರ್ಷ ನಮ್ಮ ಕಡ್ಲೇಕಾಯಿ ಹೊಲ ಉತ್ತಿತು. ಅಜ್ಜಿ ಹೋದದ್ದು ಅದಕ್ಕಿಂತ ಮುಂಚೆ, ಆದರೆ ತೊಂಬತ್ತರ ಹತ್ತಿರಕ್ಕೆ. ಸುಳಿಯ ಮೇಲೆ ದೂರು ಹಾಕುವಂತಿರಲಿಲ್ಲ.

ನೋಡಲು ಹೋದೆವು. ಮಾರುವವರು ಸೋಯಾ ಬೆಳೆಯುವ ಮುದುಕರು; ಸೊಂಟ ನೋವು, ಹತ್ತಿ ಇಳಿಯಲು ಆಗುತ್ತಿರಲಿಲ್ಲ. ನಾನು ಲಾಗ್‌ಬುಕ್ ತಿರುವುತ್ತಿದ್ದೆ, ಮೆಕ್ಯಾನಿಕ್ ಸಿಲಿಂಡರಿಗೆ 80ರ ಒತ್ತಡದ ಗಾಳಿ ಹಾಕಿ ಎಷ್ಟು ನಿಲ್ಲುತ್ತದೆ ಅಂತ ನೋಡುತ್ತಿದ್ದ. ಆರೂ ಸಿಲಿಂಡರು 70ರ ಮೇಲೆ ನಿಂತವು. "ಆರು ಹಲ್ಲೂ ಗಟ್ಟಿ" ಅಂತ ಅಪ್ಪ ತೀರ್ಪು ಕೊಟ್ಟ. ಆಮೇಲೆ ವಿಮಾನದ ಸುತ್ತ ಒಂದು ಸುತ್ತು ಬಂದು, ಬಾಲದ ಹತ್ತಿರ ತಟ್ಟಿ, ಚಕ್ರ ಒದ್ದು, ಹೆಗಲ ಮೇಲಿನ ಟವಲು ತೆಗೆದು ಮುದುಕರ ಕೈ ಮೇಲೆ ಹೊದಿಸಿ ಬೆರಳು ಹಿಡಿದ.

ದನದ ಜಾತ್ರೆ ಕಂಡವರಿಗೆ ಗೊತ್ತು, ಅಲ್ಲಿ ಬೆಲೆ ಬಾಯಲ್ಲಿ ಬರುವುದಿಲ್ಲ, ಟವಲ್ಲಿನ ಕೆಳಗೆ ಬೆರಳಲ್ಲಿ ಬರುತ್ತದೆ. ಓಹಾಯೊದ ಆ ಮುದುಕರಿಗೆ ಅದು ಹೇಗೆ ಗೊತ್ತಾಗಬೇಕು? ಅವರು ನನ್ನ ಮುಖ ನೋಡಿದರು. ಅಪ್ಪ ಕಣ್ಣು ಅರೆ ಮುಚ್ಚಿ ನಾಲ್ಕು ಬೆರಳು ಒತ್ತಿದ. ಅವರು ಟೋಪಿ ತೆಗೆದು ತಾವೂ ಕಣ್ಣು ಮುಚ್ಚಿದರು. ಅರ್ಧ ನಿಮಿಷ ಹಾಗೇ ನಿಂತಿದ್ದು, ಕೊನೆಗೆ ಮೆಲ್ಲಗೆ "ಆಮೆನ್" ಅಂದರು. ತಮ್ಮ ವಿಮಾನಕ್ಕಾಗಿ ಇಷ್ಟು ದೂರದಿಂದ ಬಂದು ಪ್ರಾರ್ಥನೆ ಮಾಡಿದವರು ಇನ್ನಾರೂ ಇಲ್ಲ ಅಂತ ಕಣ್ಣೊರೆಸಿಕೊಂಡು ಐನೂರು ಡಾಲರ್ ಬಿಟ್ಟರು. ಅಪ್ಪ ಇಂದಿಗೂ ಅದು ತನ್ನ ನಾಲ್ಕನೇ ಬೆರಳಿನ ಕೆಲಸ ಅನ್ನುತ್ತಾನೆ.

ಊರಿಂದ ಫೋನ್ ಶುರುವಾದವು. ಚಿಕ್ಕಪ್ಪನಿಗೆ ಒಂದೇ ಹಟ: "ನೇರ ಇಲ್ಗೇ ತಂದ್ಬಿಡು ಮಗಾ, ಕೆರೆ ಒಣಗೈತೆ, ಇಳ್ಸೋಕೆ ಜಾಗಕ್ಕೇನ್ ಬರ." ಟ್ಯಾಂಕು ತುಂಬಿಸಿದರೆ ನ್ಯೂಯಾರ್ಕ್ ಮುಟ್ಟಿದರೆ ಹೆಚ್ಚು, ಸಮುದ್ರ ಆಮೇಲೆ ಶುರುವಾಗುತ್ತದೆ ಅಂದೆ. "ನಡ್ವೆ ಬಂಕ್ ಇರಲ್ವಾ?" ಅಂದರು.

ನಿಜವಾದ ಕಷ್ಟ ಮನೆಯೊಳಗೇ ಇತ್ತು. 52 ಗ್ಯಾಲನ್ ಪೆಟ್ರೋಲು 312 ಪೌಂಡ್ ತೂಗುತ್ತದೆ. ವಿಮಾನ ಒಟ್ಟು 2350 ಪೌಂಡ್ ಮೀರುವಂತಿಲ್ಲ. ಹತ್ತುವ ಮುಂಚೆ ಎಲ್ಲರ ತೂಕ ಬರೆಯಬೇಕು. ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಆಗ ನಮ್ಮಲ್ಲೇ ಇದ್ದರು. ಮೂವತ್ತು ವರ್ಷದಿಂದ ಅಳಿಯ. ಅವರಿಗೆ ಎದುರು ಕೂತು ಕಾಫಿ ಕುಡಿಯಲೂ ಸಂಕೋಚ. ತೂಕ ಕೇಳುವುದು ಹೇಗೆ? ಮಂಡಿನೋವಿನ ಮಾತ್ರೆ ಚೀಟಿಯಲ್ಲಿ ಡಾಕ್ಟರು ಬರೆದದ್ದನ್ನು ಕದ್ದು ನೋಡಿದೆ. ಅದಕ್ಕೆ ಚಿತ್ರಾನ್ನದ ಡಬ್ಬಿ ಸೇರಿಸಿದೆ. ಲೆಕ್ಕ ಮೀರಿತು. ಅತ್ತೆಗೆ ಆ ದಿನ ಏಕಾದಶಿ ಬಂತು, ಅವರೇ ಬರಲ್ಲ ಅಂದರು. ನಮ್ಮ ಮನೆದೇವರು ದೊಡ್ಡವನು.

ಮೊದಲ ಹಾರಾಟ. ಪಕ್ಕದಲ್ಲಿ ಅಪ್ಪ, ಹಿಂದೆ ಹೆಂಡತಿ. ಮೇಲೇರಿ ಸಮಕ್ಕೆ ಬಂದೆ, ಮುಳ್ಳು 2900ರಲ್ಲಿ. ಆ ಗರ್ಜನೆ ಹೇಗೆ ಹೇಳಲಿ! ಒಂದು ಸಂಗತಿ ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ: ನಾವು ಇಳಿಜಾರಿನಲ್ಲಿ ಲೂನಾ ಆಫ್ ಮಾಡಿ ಹೋಗುವ ವಂಶ. ಡೀಸೆಲ್ ಇಂಜಿನ್ನಿನ ಸದ್ದು ಒಂದು ಎಳೆ ಏರಿದರೂ ಅಪ್ಪ ಊಟ ಬಿಟ್ಟು ಬಾವಿಗೆ ಓಡುತ್ತಿದ್ದ. ಈಗಲೂ ಅಂಗೈ ಕೆಳಗೆ ಮಾಡಿ, "ಸ್ವಲ್ಪ ಇಳ್ಸ್ಲಾ, ಪಾಪ, ಬಡ್ಕಂತೈತೆ" ಅಂದ. ನನ್ನ ಕೈಯೂ ತಾನಾಗಿ ತ್ರಾಟಲ್ ಕಡೆ ಹೋಯಿತು. ಎಲ್ಲ ಗೊತ್ತಿದ್ದೂ ಹೋಯಿತು.

"ರೀ! ಮುಟ್ಟಬೇಡಿ! 2900!"

ಹಿಂದಿನ ಸೀಟಿನ ಕೂಗು ಹೆಡ್‌ಸೆಟ್ಟಿನಲ್ಲಿ ಕಿವಿ ಹರಿಯುವಂತೆ ಬಂತು. ತಿಂಗಳಿಂದ ನನ್ನ ಹತ್ತಿರ ನೆಟ್ಟಗೆ ಮಾತಾಡದವಳು ಕೈಪಿಡಿ ಪೂರ್ತಿ ಓದಿದ್ದಳು. "ದುಡ್ಡು ಸುರಿದಾಗಿದೆ. ಇನ್ನು ಕನಿಕರ ತೋರಿಸಿ ಹಾಳು ಮಾಡಬೇಡಿ. ಮಾವ, ನೀವೂ ಕೈ ಮಡಿಲಲ್ಲಿಟ್ಟುಕೊಳ್ಳಿ."

ಅಪ್ಪ ಕೈ ಮಡಿಲಲ್ಲಿಟ್ಟುಕೊಂಡ. ಕೆಳಗೆ ಜೋಳದ ಹೊಲ ಮುಗಿಯುವವರೆಗೂ ಮಾತಾಡಲಿಲ್ಲ. ಈಗ ತ್ರಾಟಲ್ ಪಕ್ಕ ಅವಳ ಕೈಬರಹದ ಕನ್ನಡ ಚೀಟಿ ಅಂಟಿದೆ: "2900. ಕನಿಕರ ಬೇಡ."

ಇಳಿದ ಮೇಲೆ ಟ್ಯಾಂಕಿಗೆ ನೀಲಿ ಪೆಟ್ರೋಲು ಹಾಕಿಸಿದೆ. ಬಿಲ್ಲು ನೋಡಿದ ಅಪ್ಪ ಅದನ್ನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ಬೆಂಚಿನ ಮೇಲೆ ಕೂತ. ರಾತ್ರಿ ದೊಡ್ಡೇರಿಗೆ ಫೋನ್ ಹೋಯಿತು. ಚಿಕ್ಕಪ್ಪ ಇಮಾನ ಹೆಂಗೈತೆ ಅಂತ ಕೇಳಿರಬೇಕು.

"ಗೇಯ್ಮೆ ಚೆನ್ನಾಗೈತೆ" ಅಂದ ಅಪ್ಪ. "ಮೇವು ಜಾಸ್ತಿ."