ಶನಿವಾರದ ಅಪ್ಪ

ಶನಿವಾರ ಬೆಳಗಿನ ಜಾವ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಬೆಂಗಳೂರಿನ ರಾತ್ರಿ ಬಸ್ಸಿನಿಂದ ಇಳಿಯುವವರಲ್ಲಿ ಒಬ್ಬನ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕಂಕುಳಲ್ಲಿ ಆನ್‌ಲೈನ್ ಅಂಗಡಿಯ ರಟ್ಟಿನ ಡಬ್ಬ, ಮುಖದಲ್ಲಿ ಯಾರನ್ನೋ ತಿದ್ದಲು ಹೊರಟ ಕಳೆ ಇದ್ದರೆ ಅವನೇ ಶನಿವಾರದ ಅಪ್ಪ. ಹೆಂಡತಿ ಬಾಣಂತನಕ್ಕೆ ತವರಿಗೆ ಬಂದಿರುತ್ತಾಳೆ. ಇವನು ಐದು ದಿನ ಅಲ್ಲಿ ಮಗುವಿನ ಬಗ್ಗೆ ಓದುತ್ತಾನೆ, ಎರಡು ದಿನ ಇಲ್ಲಿ ಬಂದು ಪಾಠ ಒಪ್ಪಿಸುತ್ತಾನೆ, ಭಾನುವಾರ ರಾತ್ರಿಯ ಬಸ್ಸಿಗೆ ಹೊರಟುಬಿಡುತ್ತಾನೆ. ನಮ್ಮ ಬೀದಿಗೇ ಇಂಥವರು ಒಂದಿಬ್ಬರು ಬಂದುಹೋಗುತ್ತಾರೆ. ನಮ್ಮ ಮನೆಗೆ ಬರುವವನು ನಮ್ಮ ಅಳಿಯ.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುವುದನ್ನು ಇವನು ಮೊದಲು ಮನಸಾರೆ ಒಪ್ಪಿದ್ದ. ನನ್ನ ಹಳೇ ಪಂಚೆಯ ತುಂಡಿನಲ್ಲಿ ನನ್ನ ಹೆಂಡತಿ ಮೊಮ್ಮಗನನ್ನು ಸುತ್ತುವ ವೈಖರಿಯನ್ನು ವಿಡಿಯೋ ಮಾಡಿಕೊಂಡು ಹೋಗಿ ಆಫೀಸಿನಲ್ಲೆಲ್ಲ ತೋರಿಸಿದ್ದ. ಕಾಲನ್ನು ಮಾತ್ರ ನೆಟ್ಟಗೆ ಎಳೆದು ಬಿಗಿಯಬೇಡಿ, ಮಡಚಿ ಅಗಲಿಸಲು ಜಾಗ ಬಿಡಿ, ಇಲ್ಲದಿದ್ದರೆ ಸೊಂಟದ ಕೀಲಿಗೆ ತೊಂದರೆ ಎಂದ. ಡಾಕ್ಟರೂ ಅದನ್ನೇ ಹೇಳಿದ್ದರಿಂದ ಅವನ ಧೈರ್ಯ ಹೆಚ್ಚಿತು.

“ಅತ್ತೆ, ಮಗು ಬೆಚ್ಚುತ್ತಲ್ಲ, ಅದಕ್ಕೆ ಮೋರೋ ರಿಫ್ಲೆಕ್ಸ್ ಅಂತಾರೆ. ಅರ್ನ್ಸ್ಟ್ ಮೋರೋ ಅಂತ ಮಕ್ಕಳ ಡಾಕ್ಟ್ರು, 1918ರಲ್ಲೇ ಬರೆದಿದಾರೆ. ಬಿದ್ದ ಹಾಗನ್ನಿಸಿದ ಕೂಡಲೇ ಎರಡೂ ಕೈ ಚಾಚುತ್ತೆ. ಸುತ್ತಿದ್ರೆ ಅಷ್ಟಕ್ಕೆಲ್ಲ ಎಚ್ಚರ ಆಗಲ್ಲ.”

“ಅವರಮ್ಮನಿಗೆ ಮೊದಲೇ ಗೊತ್ತಿತ್ತೇನೋ, ಇವರು ಬರಕೊಂಡ್ರು” ಎಂದಳು ನನ್ನ ಹೆಂಡತಿ.

ಮೂರು ತಿಂಗಳು ತುಂಬುವ ಹೊತ್ತಿಗೆ ಅಳಿಯನ ರಾಗ ಬದಲಾಯಿತು. ಇನ್ನು ಸುತ್ತುವುದನ್ನು ಬಿಡಿಸಬೇಕು. ಅದಕ್ಕೊಂದು ಎಕ್ಸೆಲ್ ಶೀಟು ಬಂತು. ಮೊದಲ ವಾರ ಬಲಗೈ ಹೊರಗೆ, ಆಮೇಲೆ ಎಡಗೈ, ಆಮೇಲೆ ಎದೆಯ ಸುತ್ತೂ ಬಂದ್. ಬಲಗೈಯೇ ಏಕೆ ಮೊದಲು ಎಂಬ ಬಗ್ಗೆ ಗಂಡ ಹೆಂಡಿರಲ್ಲಿ ಅರ್ಧ ಗಂಟೆ ಚರ್ಚೆ ನಡೆಯಿತು. ಡಬ್ಬದಲ್ಲಿ ವೆಲ್ಕ್ರೋ ಅಂಟಿಸುವ ಸುತ್ತುಬಟ್ಟೆಯೂ ಬಂದಿತ್ತು. ಬೇಕಾದಷ್ಟೇ ಸಡಿಲಿಸಬಹುದು ಎಂಬುದು ಅದರ ಹೆಚ್ಚುಗಾರಿಕೆ. ಆದರೆ ನಿದ್ದೆ ಹತ್ತಿದ ಮಗುವಿನ ತೋಳು ಬಿಡಿಸಲು ಅದನ್ನು ಎಳೆದರೆ ‘ಪರ್ರ್’ ಎಂದು ಶಬ್ದ. ಮಗುವಿರಲಿ, ಪಡಸಾಲೆಯಲ್ಲಿ ತೂಕಡಿಸುತ್ತಿದ್ದ ನಾನೂ ಬೆಚ್ಚಿಬಿದ್ದೆ. ಒಳಗೆ ಗುಂಡು ತುಂಬಿ ಭಾರ ಮಾಡಿದ ಇನ್ನೊಂದು ನಮೂನೆಯನ್ನೂ ತರಿಸಲು ಹೊರಟಿದ್ದ. ಮಗುವಿನ ಎದೆಯ ಮೇಲೆ ಭಾರ ಹೇರುವ ಯಾವುದೂ ಬೇಡ ಎಂದು ಡಾಕ್ಟರು ಗದರಿದ ಮೇಲೆ ಕೈಬಿಟ್ಟ.

“ಇವತ್ತು ರಾತ್ರಿ ನೀವೆಲ್ಲ ಆರಾಮಾಗಿ ಮಲಗಿ, ನಾನು ನೋಡ್ಕೋತೀನಿ” ಎಂದು ಶನಿವಾರ ಊಟವಾದ ಮೇಲೆ ಘೋಷಣೆಯಾಯಿತು. ಹತ್ತಕ್ಕೆಲ್ಲ ಗೊರಕೆ. ಎರಡು ಗಂಟೆಗೆ ಬಿಡುಗಡೆಯಾದ ಬಲಗೈ ಗಾಳಿಯಲ್ಲಿ ಒಂದು ಸುತ್ತು ಹಾಕಿ ಒಡೆಯನ ಮೂಗಿಗೇ ಗುದ್ದಿತು. ಮಗುವಿನ ಕಿರುಚಾಟಕ್ಕೆ ಮಗಳು ಎದ್ದಳು, ಅವಳಮ್ಮ ಎದ್ದಳು, ಬಿಸಿನೀರಿಗೆಂದು ನನ್ನನ್ನೂ ಎಬ್ಬಿಸಿದರು. ಬೆಳಗ್ಗೆ ಏಳಕ್ಕೆ ಅಳಿಯ ಮೈಮುರಿಯುತ್ತ ಬಂದು, “ಚೆನ್ನಾಗಿ ಮಲಗಿತಲ್ಲ!” ಎಂದು ಶೀಟಿನ ಮನೆಗೆ ಹಸಿರು ಬಣ್ಣ ತುಂಬಿದ. ಸೋಮವಾರ ಹನ್ನೊಂದಕ್ಕೆ ಆಫೀಸಿನಿಂದ ಫೋನು: “ನಿನ್ನೆ ರಾತ್ರಿ ಎಷ್ಟು ಸಲ ಎದ್ದಿತು? ನನಗೆ ಡೇಟಾ ಬೇಕು.” ಮಗಳು ಕೊಟ್ಟ ಉತ್ತರ ಡೇಟಾ ಆಗಿರಲಿಲ್ಲ.

ಮಗುವಿಗೆ ಎಕ್ಸೆಲ್ ಬರುವುದಿಲ್ಲವಲ್ಲ! ಎಡಗೈಯ ಸರದಿ ಬರುವ ಮೊದಲೇ ಒಂದು ಮಧ್ಯಾಹ್ನ ಕಾಲೆತ್ತಿ, ಸೊಂಟ ತಿರುವಿ, ಮಗ್ಗುಲಾಗಲು ನೋಡಿತು. ವಿಡಿಯೋ ಕಾಲಿನಲ್ಲಿ ಅದನ್ನು ಕಂಡವನೇ ಅಳಿಯ, “ಇವತ್ತಿಂದಲೇ ಪೂರ್ತಿ ಬಂದ್! ಸುತ್ತಿದ ಮಗು ಬೋರಲು ಬಿದ್ರೆ ಕೈಯೂರಿ ಮುಖ ಎತ್ತೋಕಾಗಲ್ಲ, ಉಸಿರು ಕಟ್ಟುತ್ತೆ” ಎಂದು ಕೂಗಿದ. ಹೊರಳುವ ಲಕ್ಷಣ ಕಂಡ ಮೇಲೆ ವಾರದ ಲೆಕ್ಕ ಹಾಕುತ್ತ ಕೂರುವಂತಿಲ್ಲ, ಅಂದೇ ನಿಲ್ಲಿಸಬೇಕು. ಹುಡುಗ ಹೇಳಿದ್ದು ಸರಿಯಾಗಿತ್ತು. ಆದರೆ ತಪ್ಪಿಲ್ಲದ ಮಾತನ್ನೂ ನಂಬದ ಹಾಗೆ ಹೇಳುವುದು ಇವರ ವಿದ್ಯೆ. “ಮೊನ್ನೆ ತಾನೇ ಒಂದೊಂದೇ ಕೈ ಅಂದ್ರಿ, ಈಗ ಎರಡೂ ಅಂತೀರಿ. ನಿಮ್ಮ ಹೆಂಡತೀನೂ ನಾನು ಹಿಂಗೇ ಸುತ್ತಿ ಬೆಳೆಸಿದ್ದು” ಎಂದು ಅತ್ತೆ ಫೋನನ್ನು ಮಗಳ ಕೈಗಿತ್ತಳು. ಮಗಳು ಅಂದು ಗಂಡನ ಮಾತು ನಡೆಸಿದಳು. ಅವಳಮ್ಮ ಮಾತು ಬಿಟ್ಟಳು.

ರಜೆ ಹಾಕಿ ಮರುದಿನವೇ ಬಂದ. ಬುಧವಾರ ಅವನನ್ನು ನೋಡಿ ನಮಗೆಲ್ಲ ಗಾಬರಿ. ಊಟ ಮುಗಿಸಿ ಚಾಪೆ ಹಾಸಿ ಮಲಗಿದವನು, “ಅತ್ತೆ, ನನ್ನನ್ನೇ ಸುತ್ತಿ” ಎಂದ. ನನ್ನ ಜರಿಯಂಚಿನ ಡಬಲ್ ಪಂಚೆ ಬಂತು. ಬೇರೇನಾದರೂ ತನ್ನಿ ಎಂದ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ನನ್ನ ಹೆಂಡತಿ ಹೆಮ್ಮೆಯಿಂದಲೇ ಕೂತಳು. ಬಲತೋಳು ಮೈಗೆ ಒತ್ತಿ, ಅಂಚು ಎಳೆದು, ಎಡ ಬೆನ್ನಡಿಗೆ ಸಿಕ್ಕಿಸಿದಳು; ಆ ಕಡೆಯದನ್ನು ಈ ಕಡೆಗೆ ತಂದು ಮಂಡಿಯಿಂದ ಒತ್ತಿ ಬಿಗಿದಳು. ಅಳಿಯ ಒಂದು ಸಲ ಉಸಿರೆಳೆದುಕೊಂಡು ದಬಕ್ಕನೆ ಬೋರಲಾದ.

ಮೂಗು ಚಾಪೆಗೆ ಅಪ್ಪಚ್ಚಿ. “ನೋಡಿ ಅತ್ತೆ” ಎಂದಿರಬೇಕು, ನಮಗೆ ಕೇಳಿದ್ದು “ಮ್ಮ್ಮ್ಮ್” ಅಷ್ಟೇ. ಕತ್ತು ಒಂದು ಬದಿಗೆ ಕೊಂಕಿತು, ಭುಜ ಕುಣಿಯಿತು, ಕಾಲು ಪಟಪಟ ಬಡಿಯಿತು, ಎಂಬತ್ತು ಕೆಜಿಯ ಮೈ ಮಗುಚಲೊಲ್ಲದು. ಮಗಳು ನಗುತ್ತ ಫೋನು ಹಿಡಿದಿದ್ದಳು. ನನ್ನ ಹೆಂಡತಿ ಮಾತ್ರ ನಗಲಿಲ್ಲ. ಎದ್ದು ತೊಟ್ಟಿಲಿನ ಹತ್ತಿರ ಹೋಗಿ, ಸರಳಿಗೆ ನೇತುಹಾಕಿದ್ದ ಪಂಚೆಯ ತುಂಡನ್ನು ತೆಗೆದು ಸೀದಾ ಒರೆಸುಬಟ್ಟೆಗಳ ಬುಟ್ಟಿಗೆ ಹಾಕಿದಳು. ಅಳಿಯನನ್ನು ಬಿಡಿಸಬೇಕೆಂಬುದು ಅವಳಿಗೆ ನೆನಪಾಗಲಿಲ್ಲ. ನಾನೇ ಉರುಳಿಸಿದೆ.

ಮುಂದಿನ ಕೆಲವು ರಾತ್ರಿ ಮನೆಗೆ ನಿದ್ದೆಯಿಲ್ಲ. ತೋಳಿಲ್ಲದ ತೆಳು ಹತ್ತಿಯ ಜಿಪ್ ಚೀಲ ತೊಡಿಸಿ, ಅಂಗಾತ ಮಲಗಿಸಿ, ಎದೆ ಮೇಲೆ ಅಂಗೈ ಇಟ್ಟು ತಟ್ಟುವುದು. ಸೆಕೆಯಾಯಿತೇ ಎಂದು ಹಿಂಗತ್ತು ಮುಟ್ಟಿ ನೋಡುವುದು. ಆಮೇಲೆ ಮಗು ತನ್ನ ಮುಷ್ಟಿಯನ್ನು ತಾನೇ ಹುಡುಕಿಕೊಂಡು ಚೀಪುತ್ತ ಮಲಗಲು ಕಲಿಯಿತು. ಅಷ್ಟರಲ್ಲಿ ಅಳಿಯ ಬೆಂಗಳೂರಿಗೆ ಹೋಗಿ ಶೀಟಿನ ಮನೆಗಳಿಗೆಲ್ಲ ಹಸಿರು ತುಂಬಿಯಾಗಿತ್ತು.

ಆ ವಿಡಿಯೋ ಈಗ ಬೀದಿಯಲ್ಲೆಲ್ಲ ಓಡಾಡಿದೆ. ಎದುರುಮನೆಯಲ್ಲೂ ಬಾಣಂತನ. ಅಲ್ಲಿಯ ಅತ್ತೆಯವರೂ ಯಾರ ಮಾತೂ ಕೇಳುವವರಲ್ಲ. ಮೊನ್ನೆ ಆ ಮನೆಯವರು ಬೇಲಿಯ ಹತ್ತಿರ ನಿಂತು ಕೇಳಿದರು: “ಶನಿವಾರ ನಿಮ್ಮ ಅಳಿಯಂದ್ರು ಬಂದ್ರೆ ಅರ್ಧ ಗಂಟೆ ಈ ಕಡೆ ಕಳಿಸ್ತೀರಾ? ಪಂಚೆ ನಮ್ಮದೇ ಇದೆ.”