ಕುಡ್ಲದ ಫ್ಲ್ಯಾಟು: ವಾಸ್ತುಮೀಮಾಂಸೆಯ ನಾಲ್ಕು ಸೂತ್ರಗಳು (ವೃತ್ತಿಸಹಿತ)

ಸೂತ್ರ 1: ಊರೇ ವಾಸ್ತುವಿರುದ್ಧ.

ವೃತ್ತಿ: ನೀರು ಈಶಾನ್ಯದಲ್ಲಿರಬೇಕು, ನೈಋತ್ಯ ಎತ್ತರವಿರಬೇಕು, ನೆಲ ಮೂಡಣಕ್ಕೋ ಬಡಗಣಕ್ಕೋ ಇಳಿಯಬೇಕು ಎಂಬುದು ಶಾಸ್ತ್ರ. ಕುಡ್ಲವೆಂಬ ಮಂಗಳೂರಿನಲ್ಲಿ ಕದ್ರಿ ಗುಡ್ಡ ಮೂಡಣಕ್ಕೆ, ಕಡಲು ಪಡುವಣಕ್ಕೆ. ನೇತ್ರಾವತಿಯೋ ತೆಂಕಣ ಬಳಸಿ ಬಂದು ನೈಋತ್ಯದಲ್ಲೇ ಸಮುದ್ರ ಸೇರುತ್ತಾಳೆ. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಶನ್ನಿನವರಿಗೆ ಬೇಕಾದದ್ದು ಹೊಳೆಬದಿಯ ಜೇಡಿಮಣ್ಣು, ಮೂಲೆಯಲ್ಲ. ಇಷ್ಟು ದೋಷವಿದ್ದೂ ಆ ಹಂಚು ಹಡಗು ಹತ್ತಿ ದೇಶಾಂತರ ಹೋದದ್ದು ಹೇಗೆಂಬುದಕ್ಕೆ ಪಂಡಿತರು ಇನ್ನೂ ಪರಿಹಾರ ಸೂಚಿಸಿಲ್ಲ.

ಸೂತ್ರ 2: ಗಿರಾಕಿಗಳು ತ್ರಿಗುಣಾತ್ಮಕರು.

ವೃತ್ತಿ: ಸಾತ್ವಿಕನು ಅಡ್ವಾನ್ಸ್ ಕೊಡುವ ಮೊದಲು ಪುರೋಹಿತರನ್ನು ಕರೆತರುತ್ತಾನೆ. ರಾಜಸನು ದುಬೈಯಿಂದ ವಿಡಿಯೊ ಕಾಲ್ ಮಾಡಿ, ತಮ್ಮನ ಮೊಬೈಲಿನ ದಿಕ್ಸೂಚಿಯನ್ನು ಕೋಣೆಕೋಣೆಗೆ ಓಡಾಡಿಸುತ್ತಾನೆ. ಕಾಂಕ್ರೀಟಿನೊಳಗಿನ ಕಬ್ಬಿಣ ಮುಳ್ಳನ್ನು ಎಳೆಯುವುದರಿಂದ ಲಿಫ್ಟಿನ ಬಳಿಯ ಈಶಾನ್ಯ ಬಾಲ್ಕನಿ ತಲುಪುವಷ್ಟರಲ್ಲಿ ಬೇರೆಯಾಗಿರುತ್ತದೆ. ಇದಕ್ಕೆ ಸಂಚಾರಿ ಈಶಾನ್ಯವೆಂದು ಹೆಸರು. ತಾಮಸನ ಲಕ್ಷಣ ಒಂದೇ ವಾಕ್ಯ: “ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಮಾರಾಯ್ರೆ, ನಾಳೆ ಮಾರುವಾಗ ರಗಳೆ ಬೇಡ ಅಂತ.”

ಸೂತ್ರ 3: ನಂಬಿಕೆಯ ವಾಸ ಸದಾ ಪಕ್ಕದ ಮನೆಯಲ್ಲಿ.

ವೃತ್ತಿ: ಗಂಡನನ್ನು ಕೇಳಿದರೆ ಹೆಂಡತಿಗಾಗಿ, ಹೆಂಡತಿಯನ್ನು ಕೇಳಿದರೆ ಅತ್ತೆಗಾಗಿ, ಅತ್ತೆಯನ್ನು ಕೇಳಿದರೆ ನೆಂಟರ ಬಾಯಿಗಾಗಿ, ಬಿಲ್ಡರನ್ನು ಕೇಳಿದರೆ ಗಿರಾಕಿಗಾಗಿ. 1948ರಲ್ಲಿ ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಹಸಿದ ಪಾರಿವಾಳಗಳಿಗೆ ಅವು ಏನೇ ಮಾಡಲಿ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಬರುವಂತೆ ಮಾಡಿದ. ಒಂದು ಹಕ್ಕಿ ಸುತ್ತು ತಿರುಗಿತು, ಇನ್ನೊಂದು ಕತ್ತು ಕುಣಿಸಿತು. ಕಾಳು ಬರುವುದು ತಮ್ಮ ಕುಣಿತದಿಂದಲೇ ಎಂಬಂತೆ! ಪಾರಿವಾಳ ತನ್ನ ಕಾಳಿಗೆ ತಾನೇ ಕುಣಿಯಿತು. ನಾವು ಇನ್ನೂ ಹುಟ್ಟದ ಗಿರಾಕಿಯ ಕಾಳಿಗಾಗಿ ಇವತ್ತೇ ಅಡುಗೆಮನೆ ಒಡೆದು ಆಗ್ನೇಯಕ್ಕೆ ತಿರುಗಿಸುತ್ತೇವೆ.

ಸೂತ್ರ 4: ಫೆಂಗ್ ಶುಯಿ ಎಂದರೆ ಗಾಳಿ, ನೀರು.

ವೃತ್ತಿ: ಚೀನೀ ಪದದ ಅರ್ಥ ಇಷ್ಟೇ. ಜೂನ್ ಬಂತೆಂದರೆ ಇವೆರಡೂ ಶಾಸ್ತ್ರದಂತೆ ಮುಚ್ಚಿರಬೇಕಾದ ಮೂಲೆಯಿಂದಲೇ ನುಗ್ಗುತ್ತವೆ. ಮಳೆಯ ಹೆಸರೇ ನೈಋತ್ಯ ಮುಂಗಾರು. ಆ ಮೂಲೆಯ ಮಾಸ್ಟರ್ ಬೆಡ್‌ರೂಮಿನ ಗೋಡೆ ಬೆವರಿದರೆ ನಗುವ ಬುದ್ಧನನ್ನು ತರುವವರಿದ್ದಾರೆ, ಗಾರೆಯವನನ್ನು ಕರೆಯುವವರು ಕಡಿಮೆ. ಸಂಪು ಈಶಾನ್ಯದಲ್ಲಿದೆಯೇ ಎಂದು ಎಲ್ಲರೂ ವಿಚಾರಿಸುತ್ತಾರೆ, ಅದರಲ್ಲಿ ನೀರಿದೆಯೇ ಎಂದು ಇಣುಕುವವರಿಲ್ಲ.

ಫಲಶ್ರುತಿ: ಬೇಸಿಗೆಯಲ್ಲಿ ಊರಿಗೆ ನೀರುಣಿಸುವ ತುಂಬೆ ಅಣೆಕಟ್ಟು ಬತ್ತತೊಡಗಿದಾಗ ಮೂರು ಗುಣದವರೂ ಬಾಲ್ಟಿ ಹಿಡಿದು ಗೇಟಿನ ಬಳಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಟ್ಯಾಂಕರ್ ಯಾವ ದಿಕ್ಕಿನಿಂದ ಬಂದರೂ ಶುಭ.